ನಾಮದ ಚಿಲುಮೆಯ ಕಾಡುದಾರಿಯಲ್ಲಿ

ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗಕ್ಕೆ ಹೋಗುವವರಲ್ಲಿ ಬಹುಮಂದಿಯ ಲಕ್ಷ್ಯವೆಲ್ಲ ಯೋಗನರಸಿಂಹ, ಭೋಗನರಸಿಂಹರ ದರ್ಶನದ ಮೇಲೆ. ದಾರಿಯ ಇಕ್ಕೆಲದ ಕಾಡು ಅವರ ಪಾಲಿಗೆ ಬಸ್ಸಿನ ಕಿಟಕಿಯಲ್ಲಿ ಓಡಿ ಮರೆಯಾಗುವ ಹಸುರು ಗೆರೆ ಮಾತ್ರ. ಆದರೆ ಆ ಕಾಡಿನಲ್ಲಿ ಒಂದು ಮುಂಜಾನೆ ನಿಧಾನವಾಗಿ ನಡೆದು ನೋಡಿದವರಿಗೆ ಬೇರೊಂದು ದರ್ಶನವೇ ಆಗುವುದುಂಟು.

ನಡಿಗೆಗೆ ತಕ್ಕ ಸ್ಥಳ ಬೆಟ್ಟದ ತಪ್ಪಲಿನ ನಾಮದ ಚಿಲುಮೆ. ಶ್ರೀರಾಮನು ಇಲ್ಲಿ ತಂಗಿದಾಗ ಹಣೆಗೆ ನಾಮವಿಡಲು ನೀರು ದೊರೆಯದೆ ಬಂಡೆಗೆ ಬಾಣ ಬಿಟ್ಟನೆಂದೂ, ಆಗ ಚಿಮ್ಮಿದ ನೀರೇ ಈ ಚಿಲುಮೆಯೆಂದೂ ಐತಿಹ್ಯ. ಕಡಿದಾದ ಏರು ಇಲ್ಲಿಲ್ಲ. ಮಕ್ಕಳೂ ಹಿರಿಯರೂ ಆಯಾಸವಿಲ್ಲದೆ ಅಡ್ಡಾಡಬಹುದು. ಮಳೆಗಾಲ ಮುಗಿದು ಗಾಳಿ ತಂಪಾಗಿರುವ ತಿಂಗಳುಗಳು ಬಲು ಹಿತಕರ.

ನಮ್ಮವೇ ಆದರೂ ಅಪರಿಚಿತ

ನಗರದ ಮಗುವಿಗೆ ಗುಲ್‌ಮೊಹರ್ ಗೊತ್ತು. ಅದು ಬಂದದ್ದು ಮಡಗಾಸ್ಕರ್ ದ್ವೀಪದಿಂದ. ಜಕರಂಡ ಗೊತ್ತು, ಅದರ ತವರು ದಕ್ಷಿಣ ಅಮೆರಿಕ. ನೀಲಗಿರಿ ಮರ ಆಸ್ಟ್ರೇಲಿಯದ್ದು. ಈ ನೆಲದಲ್ಲಿಯೇ ಹುಟ್ಟಿ ಬೆಳೆದ ಜಾಲಾರಿ, ದಿಂಡಿಗ, ಕಗ್ಗಲಿ, ತುಗ್ಗಲಿಗಳನ್ನು ತೋರಿಸಿ ಹೆಸರು ಕೇಳಿದರೆ ಮಗುವಷ್ಟೇ ಅಲ್ಲ, ತಂದೆತಾಯಿಗಳೂ ಮುಖ ಮುಖ ನೋಡುವರು.

ಜಾಲಾರಿ ಉತ್ತರದೇಶದ ಪ್ರಸಿದ್ಧ ಸಾಲವೃಕ್ಷದ ಹತ್ತಿರದ ಬಂಧು. ಅದರ ಕಾಯಿಗೆ ರೆಕ್ಕೆಗಳುಂಟು. ಗಾಳಿಯಲ್ಲಿ ತಿರುಗುತ್ತ ತಿರುಗುತ್ತ ದೂರ ಹೋಗಿ ಬೀಳುವ ಅದರ ಪರಿಯನ್ನು ಮಕ್ಕಳು ಒಮ್ಮೆ ಕಂಡರೆ ಮರೆಯಲಾರರು. ಕಲ್ಲಿನ ಸಂದಿಯಲ್ಲೂ ಬದುಕುವ ಬಂದರಿಕೆಯ ಎಲೆ ಮುಟ್ಟಿದರೆ ಅಂಟಂಟು. ಆ ಅಂಟಿನ ಲೇಪವೇ ಅದು ಬಿರುಬಿಸಿಲನ್ನು ಸಹಿಸಲು ನೆರವಾಗುತ್ತದೆ. ಅಜ್ಜಿಯ ಕಾಲದ ಊಟದೆಲೆಯನ್ನು ಒದಗಿಸುತ್ತಿದ್ದ ಮುತ್ತುಗವು ಶಿಶಿರದ ಕೊನೆಯಲ್ಲಿ ಎಲೆಯುದುರಿಸಿ, ಕೆಂಡದಂಥ ಹೂವನ್ನು ಹೊತ್ತು ನಿಲ್ಲುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರಕ್ಕೂ ಈ ಬೆಟ್ಟ ಆಸರೆ.

ಒಂಟಿಯಾಗಿ ಬಾಳದ ಗಂಧ

ಕನ್ನಡ ನಾಡಿಗೆ ಕೀರ್ತಿ ತಂದ ಶ್ರೀಗಂಧದ ಗುಟ್ಟು ಸ್ವಾರಸ್ಯಕರ. ಎಲೆ ಹಸುರಾಗಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ಅದು ತನ್ನ ಬೇರನ್ನು ನೆರೆಯ ಗಿಡಮರಗಳ ಬೇರಿಗೆ ಅಂಟಿಸಿಕೊಂಡು ಹೀರುತ್ತದೆ. ಸುತ್ತಲಿನ ಸಾಮಾನ್ಯ ಗಿಡಗಳನ್ನು ಸವರಿ ಗಂಧವೊಂದನ್ನೇ ಉಳಿಸುವೆನೆಂದರೆ ಅದು ಸೊರಗುವುದು.

ಮಾಕಳಿಬೇರಿನ ಕಥೆ ಇನ್ನೂ ಕರುಣಾಜನಕ. ಅದರ ಉಪ್ಪಿನಕಾಯಿಯ ಪರಿಮಳವನ್ನು ಬಲ್ಲ ಮನೆಗಳು ನಮ್ಮಲ್ಲಿ ಅನೇಕ. ಆ ಬಳ್ಳಿಯನ್ನು ಕಣ್ಣಾರೆ ಕಂಡವರು ವಿರಳ. ಅದು ಬೆಳೆಯುವುದು ಇಂತಹ ಒಣಬೆಟ್ಟಗಳ ಬಂಡೆಗಳ ನಡುವೆ. ಬಳಕೆಗೆ ಬರುವುದು ಬೇರು. ಬೇರನ್ನು ಅಗೆದರೆ ಬಳ್ಳಿಯೇ ಹೋಯಿತು. ಪೇಟೆಯ ಬೇಡಿಕೆ ಹೆಚ್ಚಿದಷ್ಟೂ ಕಾಡಿನ ಬಳ್ಳಿ ಕಡಿಮೆಯಾಗುತ್ತ ಬಂದಿದೆ.

ಈ ಕಾರಣದಿಂದಲೇ, ಔಷಧಿ ಸಸ್ಯಗಳನ್ನು ಕುಂಡದಲ್ಲಲ್ಲ, ಹುಟ್ಟಿದ ನೆಲೆಯಲ್ಲಿಯೇ ಕಾಪಾಡಬೇಕೆಂದು ಕರ್ನಾಟಕದಲ್ಲಿ 1993ರಿಂದೀಚೆಗೆ ಕೆಲವು ಕಾಡುಗಳನ್ನು ಆರಿಸಿ ಮೀಸಲಿರಿಸಲಾಯಿತು. ದೇವರಾಯನದುರ್ಗವೂ ಅವುಗಳಲ್ಲೊಂದು. ಚಿಲುಮೆಯ ಬಳಿ ಅರಣ್ಯ ಇಲಾಖೆಯ ಔಷಧಿವನವೂ ಇದೆ. ಗಿಡಗಳ ಹೆಸರನ್ನು ಅಲ್ಲಿ ಓದಿಕೊಂಡು, ಬಳಿಕ ಕಾಡಿನ ಅಂಚಿನಲ್ಲಿ ಅವನ್ನೇ ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ.

ಬೇಲಿ ದಾಟಿದ ಅತಿಥಿ

ಮೀಸಲೆಂದು ಸಾರಿದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. 19ನೆಯ ಶತಮಾನದ ಆದಿಯಲ್ಲಿ ತೋಟದ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ತಂದ ಲಂಟಾನ ಬೇಲಿ ಹಾರಿ ನಮ್ಮ ಕಾಡುಗಳನ್ನು ಆಕ್ರಮಿಸಿದೆ. ಅದರ ಪೊದೆಯ ಕೆಳಗೆ ಸ್ಥಳದ ಸಸಿಗಳು ತಲೆಯೆತ್ತಲಾರವು. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಕಿಡಿ ಸಾಕು, ಒಣಗಿದ ಪೊದೆಗಳು ಧಗಧಗಿಸಿ ಎಳೆಯ ಸಸಿಗಳ ಒಂದು ತಲೆಮಾರೇ ಬೂದಿಯಾಗುವುದು.

ನಷ್ಟ ಗಿಡಗಳದ್ದು ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಶಿಂಷಾ ಮತ್ತು ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಒಂದು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡಿದರೆ, ಮತ್ತೊಂದು ಉತ್ತರಕ್ಕೆ ಸಾಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಬಿದ್ದ ಮಳೆಯನ್ನು ಇಳಿಜಾರಿನಲ್ಲಿ ತಡೆದು ನೆಲಕ್ಕೆ ಇಂಗಿಸುವುದು ಈ ಹೆಸರಿಲ್ಲದ ಪೊದೆ, ಹುಲ್ಲುಗಳ ಬೇರುಗಳೇ.

ಹೋಗುವವರು ಕೆಲವನ್ನು ನೆನಪಿಡುವುದು ಲೇಸು. ಚಿರತೆ, ಕರಡಿಗಳಿರುವ ಕಾಡಾದುದರಿಂದ ಬೆಳಕಿರುವಾಗಲೇ ಮರಳಬೇಕು. ದಾರಿ ಬಿಟ್ಟು ಪೊದೆಗೆ ನುಗ್ಗಬಾರದು. ಕೋತಿಗಳಿಗೆ ತಿಂಡಿ ಎಸೆಯಬಾರದು. ಕಟ್ಟಿಕೊಂಡು ಹೋದ ಬುತ್ತಿಯ ಪೊಟ್ಟಣವನ್ನು ಮನೆಗೇ ತರಬೇಕು. ಮನೆಯಂಗಳದಲ್ಲಿ ನೆಡುವ ಆಸೆಯಿಂದ ಒಂದು ಸಸಿಯನ್ನೂ ಕೀಳಬಾರದು. ನೆರೆಹೊರೆಯಿಂದ ಅಗಲಿದ ಗಂಧದ ಗತಿ ಏನಾಗುವುದೆಂಬುದನ್ನು ಬಲ್ಲವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ಅಲ್ಲಿಂದ ತರಬಹುದಾದದ್ದು ನಾಲ್ಕಾರು ಹೆಸರುಗಳು. ಜಾಲಾರಿಯನ್ನು ಜಾಲಾರಿಯೆಂದು ಗುರುತಿಸಿ ಕರೆಯುವ ಮಗು, ನಾಳೆ ಅದಕ್ಕೆ ಕೊಡಲಿ ಬೀಳುವಾಗ ಸುಮ್ಮನಿರಲಾರದು.