ಒಂದು ದಿರ್ಹಮ್ ದೋಣಿಯಲ್ಲಿ ಒಂದು ಭಾನುವಾರ

ದುಬೈಗೆ ಬಂದು ನಮಗೆ ಹನ್ನೊಂದು ವರ್ಷ ಆಯ್ತು. ಇಷ್ಟೂ ವರ್ಷ ಒಂದೇ ರೂಮು, ಮೇಲೊಂದು ಕೆಳಗೊಂದು ಮಂಚ. ನಮ್ಮಲ್ಲಿ ಒಬ್ಬ ಗದಗಿನವ, ಇನ್ನೊಬ್ಬ ಕೊಪ್ಪಳದವ. ಒಬ್ಬನದು ಹಗಲು ಪಾಳಿ, ಒಬ್ಬನದು ರಾತ್ರಿ ಪಾಳಿ. "ಊಟ ಆತೇನು?" "ಆತು." ಇಷ್ಟಕ್ಕೇ ಮಾತು ಮುಗೀತಿತ್ತು. ದೋಸ್ತಿ ಇತ್ತು, ಕೂತು ಮಾತಾಡೋಕೆ ಹೊತ್ತಿರಲಿಲ್ಲ.

ಹೊತ್ತಿರಲಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ವಾರದ ರಜೆಯ ದಿನ ಕೆಲಸ ಮಾಡಿದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಮೇಲೆ ಮೂಲವೇತನದ ಶೇ. 50ರಷ್ಟು ಹೆಚ್ಚು ಕೊಡಬೇಕು ಅಂತ ಇಲ್ಲಿನ ಕಾನೂನು ಹೇಳುತ್ತೆ. ನಾವು ಯಾವತ್ತೂ ರೊಕ್ಕವನ್ನೇ ಆರಿಸಿಕೊಂಡೆವು. ಅದರಲ್ಲಿ ತಪ್ಪೇನಿಲ್ಲ ಬಿಡಿ, ಮನೆ ಕಟ್ಟಿಸಿದ್ದು, ತಂಗಿ ಮದುವೆ ಮಾಡಿದ್ದು ಅದರಿಂದಲೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲ ಕೆಲಸಕ್ಕೆ ಬಿಡುವು ಇರುತ್ತಲ್ಲ, ಆಗಲೂ ನೆರಳಲ್ಲಿ ಒಬ್ಬೊಬ್ಬರೇ ಫೋನು ನೋಡುತ್ತಾ ಒರಗಿರ್ತೀವಿ.

ಈಗ ಕೊಪ್ಪಳದವ ವೀಸಾ ಕ್ಯಾನ್ಸಲ್ ಮಾಡಿಸಿ ಕಾಯಂ ಊರಿಗೆ ಹೊರಟಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಹೇಳಿದ: "ಲೇ ದೋಸ್ತ, ಹೋಗೂ ಮೊದ್ಲ ಒಂದಿನ ಸುಮ್ನ ಎಲ್ಲ್ಯಾರ ಕುಂಡ್ರೂಣು."

ಭಾನುವಾರ ಗ್ರೀನ್ ಲೈನ್ ಮೆಟ್ರೊ ಹತ್ತಿ ಅಲ್ ಘುಬೈಬಾದಲ್ಲಿ ಇಳಿದೆವು. ಹಿಂದೆಲ್ಲ ದೇರಾಕ್ಕೆ ಹೋಗಬೇಕಂದ್ರೆ ಅದೇ ಮೆಟ್ರೊದಲ್ಲಿ ಕ್ರೀಕಿನ ಅಡಿಯ ಸುರಂಗದಲ್ಲೇ ಹೋಗಿಬಿಡ್ತಿದ್ದೆವು. ಮೇಲೆ ನೀರಿದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಈ ಸಲ ನಡೆದು ಅಬ್ರಾ ದಂಡೆಗೆ ಬಂದೆವು. ಮೊದಲ ದೋಣಿ ತುಂಬ್ತಾ ಇತ್ತು, ಗದಗಿನವ ಅಭ್ಯಾಸದಂತೆ ಓಡೋಕೆ ಹೊರಟ.

"ಎಲ್ಲಿ ಓಡ್ತೀಯೋ? ಡ್ಯೂಟಿ ಬಸ್ಸೇನದು? ಇನ್ನೊಂದು ಬರ್ತೈತಿ."

ಬಂತು. ಅಬ್ರಾದಲ್ಲಿ ನಡುವೆ ಉದ್ದ ಹಲಗೆ. ಜನ ಬೆನ್ನಿಗೆ ಬೆನ್ನು ಕೊಟ್ಟು ನೀರಿಗೆ ಮುಖಮಾಡಿ ಕೂರಬೇಕು. ದೋಣಿ ನಡೆಸುವವ ಮಧ್ಯದ ಗುಂಡಿಯಲ್ಲಿ ನಿಂತೇ ಒಬ್ಬೊಬ್ಬರಿಂದ ಒಂದೊಂದು ದಿರ್ಹಮ್ ತಗೊಂಡ. ಡೀಸೆಲ್ ವಾಸನೆ, ಉಪ್ಪುಗಾಳಿ, ತಲೆ ಮೇಲೆ ಬೆಳ್ಳಗಿನ ಕಡಲಹಕ್ಕಿಗಳು. ಆಚೆ ದಡದಲ್ಲಿ ಮರದ ಹಡಗುಗಳಿಗೆ ಹೊರುವವರು ಡಬ್ಬ, ಟೈರು ಏರಿಸುತ್ತಿದ್ದರು. ಅವರಿಗೆ ಅವತ್ತು ರಜೆ ಇರಲಿಲ್ಲ. ಒಂದು ಕ್ಷಣ ನಾಚಿಕೆ ಆದಂಗಾಯ್ತು, ನಿಜ ಹೇಳ್ತೀವಿ.

ದೇರಾ ಕಡೆ ಇಳಿದು ಎರಡು ಕರಕ್ ಚಹಾ ತಗೊಂಡು ದಂಡೆಯಲ್ಲೇ ಕೂತೆವು. ಇವರ ಕರಕ್ ಅಂದರೆ ನಮ್ಮ ಖಡಕ್ಕೇ. ಆದರೆ ನಮಗೆ ಖಡಕ್ ಅಂದ್ರೆ ರೊಟ್ಟಿ. ಕೊಪ್ಪಳದವ ಚೀಲದಿಂದ ನಿಜವಾಗಲೂ ಖಡಕ್ ಜೋಳದ ರೊಟ್ಟಿ ತೆಗೆದ! ಅವನ ಅವ್ವ ಕಳಿಸಿದ್ದರಲ್ಲಿ ಉಳಿದ ಕೊನೇ ಎರಡು, ಜೊತೆಗೆ ಶೇಂಗಾ ಚಟ್ನಿಪುಡಿ. ಪೇಪರ್ ಹಾಸಿ ಮುರಕೊಂಡು ತಿಂದೆವು. ಚಹಾದಲ್ಲಿ ಏಲಕ್ಕಿ ಇತ್ತು. ಇಷ್ಟು ವರ್ಷ ಕುಡಿದರೂ ಗಮನಿಸಿರಲಿಲ್ಲ.

ಬಹಳ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಕೊಪ್ಪಳದವ 2020ರ ಮಾತು ತೆಗೆದ. ಕರೋನಾ ಬಂದು ವಿಮಾನ ನಿಂತಾಗ ಗದಗಿನವನ ಅಪ್ಪ ತೀರಿಕೊಂಡಿದ್ದರು. ಮಣ್ಣಿಗೂ ಹೋಗೋಕಾಗಲಿಲ್ಲ.

"ಅವತ್ತ ನಿನ್ನ ಬಾಜೂ ಕುಂಡ್ರಬೇಕಾಗಿತ್ತು. ನಾ ಡ್ಯೂಟಿಗೆ ಹೋದ್ನಿ."

"ಅನ್ನ ಮಾಡಿ ಮುಚ್ಚಿಟ್ಟು ಹೋಗಿದ್ದಿ. ಉಂಡಿದ್ನಿ."

ಇಷ್ಟು ಹೇಳೋಕೆ ನಮಗೆ ಇಷ್ಟು ವರ್ಷ ಬೇಕಾಯ್ತು. ಇನ್ನೊಂದೊಂದು ಚಹಾ ತಂದೆವು.

ಬಿಸಿಲಿಳಿದ ಮೇಲೆ ವಾಪಸ್ ಬರುವಾಗಲೂ ಮೆಟ್ರೊ ಬೇಡ ಅಂತ ಅಬ್ರಾ ಹತ್ತಿದೆವು. ಬರ್ ದುಬೈಯಲ್ಲಿ ಇಳಿದವರು ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ದೇರಾಕ್ಕೆ ಹೋಗುವ ದೋಣಿಯಲ್ಲೇ ಹೋಗಿ ಕೂತೆವು. ಚಹಾ, ದೋಣಿ ಎಲ್ಲ ಸೇರಿ ಇಪ್ಪತ್ತು ದಿರ್ಹಮ್ ಕೂಡ ಖರ್ಚಾಗಲಿಲ್ಲ.

ಅವನು ಹೊರಡೋಕೆ ಇನ್ನು ಮೂರು ಭಾನುವಾರ ಇವೆ. ಮೂರೂ ವಾರ ಓವರ್‌ಟೈಮ್ ಪಟ್ಟಿಗೆ ನಮ್ಮ ಹೆಸರು ಹಾಕಬೇಡಿ ಅಂತ ಫೋರ್‌ಮನ್‌ಗೆ ಕೇಳಿದ್ದೀವಿ. ಸದ್ಯ ಎರಡಕ್ಕೆ ಒಪ್ಪಿದ್ದಾರೆ.