ಗಣಕಯಂತ್ರದ ಆಯುಸ್ಸು: ಸಣ್ಣ ವ್ಯಾಪಾರದ ಲೆಕ್ಕದಲ್ಲಿ

ಯಂತ್ರವು ಕೆಟ್ಟು ನಿಲ್ಲುವುದು ಒಂದು. ನಡೆಯುತ್ತಿದ್ದೂ ನಷ್ಟಕ್ಕೆ ಕಾರಣವಾಗುವುದು ಇನ್ನೊಂದು. ಅಂಗಡಿಯ ತಕ್ಕಡಿ ಮುರಿದರೆ ಒಡೆಯನಿಗೆ ಕೂಡಲೇ ತಿಳಿಯುತ್ತದೆ. ಗಣಕಯಂತ್ರವಾದರೋ ನಿಂತುಹೋಗುವುದಕ್ಕೆ ಬಹುಕಾಲ ಮೊದಲೇ, ದಿನಕ್ಕೆ ಕೆಲವು ನಿಮಿಷಗಳಂತೆ, ಯಾವ ಖಾತೆಯಲ್ಲಿಯೂ ಕಾಣಿಸಿಕೊಳ್ಳದ ವೆಚ್ಚವನ್ನು ಹೇರತೊಡಗುತ್ತದೆ. ಅದನ್ನು ಬದಲಿಸುವ ಕಾಲದ ವಿಷಯದಲ್ಲಿ ಸಣ್ಣ ವ್ಯಾಪಾರಿಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕಾಣಬರುತ್ತವೆ. ಪೂರ್ತಿ ಕೆಡುವತನಕ ನಡೆಯಲಿ ಎಂಬುದು ಒಂದು; ಮೂರು ವರ್ಷಕ್ಕೊಮ್ಮೆ ಹೊಸತನ್ನು ಕೊಳ್ಳತಕ್ಕದ್ದು ಎಂಬುದು ಮತ್ತೊಂದು. ಮೊದಲನೆಯದು ನಿರ್ಣಯವನ್ನು ಆಕಸ್ಮಿಕಕ್ಕೆ ಒಪ್ಪಿಸುತ್ತದೆ, ಎರಡನೆಯದು ಪಂಚಾಂಗಕ್ಕೆ. ಎರಡರಲ್ಲಿಯೂ ಲೆಕ್ಕವಿಲ್ಲ.

ಮೂರು ವರ್ಷದ ಮಾತಿಗೆ ಕಾನೂನಿನ ಆಧಾರವನ್ನು ತೋರಿಸುವುದುಂಟು. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಮೇಜಿನ ಮೇಲಿನ ಗಣಕಗಳಿಗೂ ಲ್ಯಾಪ್‌ಟಾಪುಗಳಿಗೂ 3 ವರ್ಷ, ಸರ್ವರುಗಳಿಗೂ ಜಾಲೋಪಕರಣಗಳಿಗೂ 6 ವರ್ಷ ಉಪಯುಕ್ತ ಆಯುಸ್ಸನ್ನು ಸೂಚಿಸಿದೆ. ಆದಾಯ ತೆರಿಗೆಯಲ್ಲಿ ಗಣಕಗಳ ಸವಕಳಿಯ ದರವನ್ನು 2017-18ನೆಯ ಆರ್ಥಿಕ ವರ್ಷದಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಯಿತು. ಈ ದರದಲ್ಲಿ 45,000 ರೂಪಾಯಿನ ಯಂತ್ರವು ಐದು ವರ್ಷಗಳ ತರುವಾಯ ಪುಸ್ತಕದಲ್ಲಿ ಸುಮಾರು 3,500 ರೂಪಾಯಿಯಾಗಿ ಉಳಿಯುತ್ತದೆ. ಆದರೆ ಸವಕಳಿಯೆಂಬುದು ಹಿಂದೆ ಮಾಡಿದ ವೆಚ್ಚವನ್ನು ಹಲವು ವರ್ಷಗಳಿಗೆ ಹಂಚುವ ಕ್ರಮವೇ ಹೊರತು ಯಂತ್ರದ ಜಾತಕವಲ್ಲ. ಪುಸ್ತಕದಲ್ಲಿ ಇನ್ನೂ ಬೆಲೆ ಉಳಿದಿದೆಯೆಂದು ಕೆಲಸಕ್ಕೆ ಬಾರದ ಯಂತ್ರವನ್ನು ಇಟ್ಟುಕೊಳ್ಳುವುದೂ, ಬೆಲೆ ತೀರಿತೆಂದು ಒಳ್ಳೆಯ ಯಂತ್ರವನ್ನು ಎಸೆಯುವುದೂ ಸಮಾನವಾಗಿ ತಪ್ಪು. ಕೊಟ್ಟ ಹಣ ಹೋಗಿಯಾಯಿತು. ಮುಂದೆ ಹೋಗಲಿರುವ ಹಣವೇ ವಿಚಾರಾರ್ಹವಾದುದು.

ಯಂತ್ರಗಳ ಬದಲಾವಣೆಯ ಕುರಿತ ಈ ದೃಷ್ಟಿಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಟರ್ಬರ್ಗ್ 1949ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿದನು. ಇರುವ ಯಂತ್ರವನ್ನು ಅವನು ರಕ್ಷಕನೆಂದೂ ಬರಲಿರುವುದನ್ನು ಸವಾಲುಗಾರನೆಂದೂ ಕರೆದನು. ರಕ್ಷಕನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುವ ವೆಚ್ಚವು ಸವಾಲುಗಾರನ ವಾರ್ಷಿಕ ವೆಚ್ಚವನ್ನು ಮೀರಿದಾಗಲೇ ಬದಲಾವಣೆಯ ಕಾಲ ಒದಗುತ್ತದೆ. ಕಾರ್ಖಾನೆಯ ಯಂತ್ರಗಳಿಗಾಗಿ ಹುಟ್ಟಿದ ಈ ತತ್ತ್ವವು ಗಣಕಕ್ಕೂ ಸಲ್ಲುತ್ತದೆ.

ಮುಂಬಯಿಯ ಕನ್ನಡಿಗರಿಗೆ ಚಿರಪರಿಚಿತವಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಆರು ವರ್ಷ ಹಳೆಯದಾದ ಗಣಕವೊಂದಿದೆಯೆಂದು ಊಹಿಸಬಹುದು. ಮುಂದೆ ಕೊಟ್ಟಿರುವ ಅಂಕೆಗಳು ಕೇವಲ ಉದಾಹರಣೆಗಾಗಿ. ಹೊಸ ಯಂತ್ರದ ಬೆಲೆ ತೆರಿಗೆ ಸೇರಿ 45,000 ರೂಪಾಯಿ. ಇಲ್ಲಿ ತೆರಿಗೆಯನ್ನು ಸೇರಿಸಲೇಬೇಕು. ಏಕೆಂದರೆ ಗಿರಾಕಿಯಿಂದ ಶೇಕಡಾ 5ರಂತೆ ಜಿ.ಎಸ್.ಟಿ. ಪಡೆಯುವ ಹೋಟೆಲಿಗೆ, ತಾನು ಕೊಳ್ಳುವ ಗಣಕದ ಮೇಲೆ ತೆತ್ತ ಶೇಕಡಾ 18ನ್ನು ಹಿಂದಕ್ಕೆ ಪಡೆಯುವ ಹಕ್ಕಿಲ್ಲ. ಸಾಮಾನ್ಯ ಕ್ರಮದಲ್ಲಿ ನೋಂದಾಯಿತನಾದ ಬಟ್ಟೆ ವ್ಯಾಪಾರಿಗೆ ಆ ಹಕ್ಕುಂಟು. ಅವನು ತೆರಿಗೆಯನ್ನು ಬಿಟ್ಟು ಎಣಿಸಬೇಕು. ಈ 45,000 ರೂಪಾಯಿಯನ್ನು ಐದು ವರ್ಷಗಳಿಗೆ ಶೇಕಡಾ 10ರ ಬಡ್ಡಿಯೊಡನೆ ಸಮನಾಗಿ ಹಂಚಿದರೆ ವರ್ಷಕ್ಕೆ ಸುಮಾರು 11,870 ರೂಪಾಯಿ. ನಿರ್ವಹಣೆ 1,500 ಸೇರಿದರೆ 13,370.

ಇನ್ನು ಹಳೆಯದರ ಲೆಕ್ಕ. ರಿಪೇರಿಗೆ ವರ್ಷಕ್ಕೆ 5,000. ಈಗ ಮಾರಿದರೆ 4,000 ಬರುವುದು, ಒಂದು ವರ್ಷದ ಮೇಲೆ 2,000 ಮಾತ್ರ. ಬಡ್ಡಿ ಸೇರಿ ಕಳೆದುಕೊಂಡದ್ದು 2,400. ನಿಧಾನಗತಿಯಿಂದ ದಿನಕ್ಕೆ 20 ನಿಮಿಷ ಹಾಳಾದರೆ 360 ದಿನಗಳಿಗೆ 120 ಗಂಟೆ. ಗಂಟೆಗೆ 100 ರೂಪಾಯಿನಂತೆ 12,000. ಒಟ್ಟು 19,400. ಸವಾಲುಗಾರನೇ ಗೆದ್ದನು. ಯಾವ ರಶೀದಿಯೂ ಇಲ್ಲದ ಕೊನೆಯ ಬಾಬತ್ತೇ ಇಲ್ಲಿ ಎಲ್ಲಕ್ಕಿಂತ ದೊಡ್ಡದೆಂಬುದನ್ನು ಗಮನಿಸತಕ್ಕದ್ದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಯಂತ್ರ ನಿಂತು ಗಿರಾಕಿಗಳು ಹಿಂದಿರುಗಿದರೆ ಆಗುವ ನಷ್ಟವು ಇದರಲ್ಲಿ ಸೇರಿಯೇ ಇಲ್ಲ.

ಆದರೆ ಇಟ್ಟುಕೊಳ್ಳುವುದು, ಬದಲಿಸುವುದು ಎಂಬ ಎರಡೇ ದಾರಿಗಳಿವೆಯೆಂದು ಭಾವಿಸುವುದು ಸರಿಯಲ್ಲ. ಹಳೆಯ ಗಣಕದ ನಿಧಾನಕ್ಕೆ ಅನೇಕ ವೇಳೆ ಅದರ ತಿರುಗುವ ಹಾರ್ಡ್ ಡಿಸ್ಕು ಕಾರಣವಾಗಿರುತ್ತದೆ. ಅದರ ಸ್ಥಾನದಲ್ಲಿ ಎಸ್‌ಎಸ್‌ಡಿಯನ್ನು ಇರಿಸಿ ರ್‍ಯಾಮನ್ನು ಹೆಚ್ಚಿಸಲು 4,500 ರೂಪಾಯಿ ತಗುಲಿದರೂ, ಎರಡು ವರ್ಷಗಳಿಗೆ ಹಂಚಿದಾಗ ವರ್ಷಕ್ಕೆ ಸುಮಾರು 2,600 ಆಗುತ್ತದೆ. ವಿಳಂಬವು ದಿನಕ್ಕೆ 5 ನಿಮಿಷಕ್ಕೆ ಇಳಿದರೆ ಅದರ ವೆಚ್ಚ 3,000, ರಿಪೇರಿ 4,000, ಮಾರಾಟದ ಬೆಲೆಯ ಇಳಿತ 2,400. ಒಟ್ಟು 12,000. ಸೋತಿದ್ದ ರಕ್ಷಕನು ಈಗ ಗೆಲ್ಲುತ್ತಾನೆ.

ಈ ಗೆಲುವಿಗೂ ಒಂದು ಷರತ್ತುಂಟು. ಯಂತ್ರದ ದೇಹವು ಗಟ್ಟಿಯಾಗಿದ್ದರೂ ಅದನ್ನು ನಡೆಸುವ ತಂತ್ರಾಂಶಕ್ಕೆ ರಕ್ಷಣೆ ತೀರಿಹೋಗಿದ್ದರೆ ಮೇಲಿನ ಕೂಡುಕಳೆ ನಿರರ್ಥಕವಾಗುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮೈಕ್ರೋಸಾಫ್ಟ್ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಆ ಬಳಿಕ ವ್ಯಾಪಾರ ಸಂಸ್ಥೆಗಳು ಹೆಚ್ಚುವರಿ ರಕ್ಷಣೆಯನ್ನು ಗರಿಷ್ಠ ಮೂರು ವರ್ಷ ಹಣ ತೆತ್ತು ಪಡೆಯಬಹುದಾದರೂ ಅದರ ದರವು ವರ್ಷ ವರ್ಷವೂ ಇಮ್ಮಡಿಸುತ್ತದೆ. ವಿಂಡೋಸ್ 11 ಅನ್ನು ಅಳವಡಿಸಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದ ಪಕ್ಷದಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ಮುಂದಿನ ತಲೆಮಾರಿನ ಪ್ರೊಸೆಸರೂ ಬೇಕು. ರಕ್ಷಣೆಯಿಲ್ಲದ ಯಂತ್ರದ ಅಪಾಯ ಎಂತಹುದೆಂಬುದನ್ನು 2017ರ ಮೇ ತಿಂಗಳ ವಾನ್ನಾಕ್ರೈ ಹಾವಳಿ ತೋರಿಸಿತು. ಅದು ಬಳಸಿಕೊಂಡ ದೋಷಕ್ಕೆ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ಹೊರಟಿತ್ತು. ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳು ತುತ್ತಾದುವು. ಗಿರಾಕಿಗಳ ಬಾಕಿಯೂ ತೆರಿಗೆಯ ಲೆಕ್ಕವೂ ಇರುವ ಯಂತ್ರಕ್ಕೆ ಇಂತಹ ಗತಿ ಬಂದರೆ ಉಳಿಸಿದ 1,370 ರೂಪಾಯಿ ಯಾವ ಮೂಲೆಗೂ ಸಾಲದು. ಆದಕಾರಣ ಮೊದಲು ಕೇಳಬೇಕಾದ ಪ್ರಶ್ನೆ ರಕ್ಷಣೆಯದು. ವೆಚ್ಚದ ಪ್ರಶ್ನೆ ಅನಂತರದ್ದು. ಬಳಸುವ ಲೆಕ್ಕದ ತಂತ್ರಾಂಶವು ಲಿನಕ್ಸಿನಲ್ಲಿ ನಡೆಯುವುದಾದರೆ ಹಳೆಯ ಯಂತ್ರಕ್ಕೆ ಮತ್ತೊಂದು ಆಶ್ರಯ ದೊರೆತಂತೆ.

ಬದಲಿಸುವ ನಿರ್ಣಯವಾದ ಮೇಲೆ ಹಣದ ಏರ್ಪಾಡು. ಸವಕಳಿಯನ್ನು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ಹಣ ಕೂಡುವುದಿಲ್ಲ. ಅಷ್ಟು ಮೊತ್ತವನ್ನು ಬೇರೆ ಇರಿಸಿದವನಿಗೆ ಮಾತ್ರ ಅದು ಒದಗುತ್ತದೆ. ಸಾಲ ಮಾಡುವುದಾದರೆ ಅದರ ಅವಧಿಯು ಯಂತ್ರದ ಆಯುಸ್ಸನ್ನು ಮೀರಕೂಡದು. ಗುಜರಿಗೆ ಹೋದ ಗಣಕಕ್ಕೆ ಕಂತು ಕಟ್ಟುವುದು ಎರಡು ಯಂತ್ರಗಳ ಭಾರವನ್ನು ಹೊತ್ತಂತೆ. ಐದು ಗಣಕಗಳುಳ್ಳವನು ವರ್ಷಕ್ಕೊಂದರಂತೆ ಬದಲಿಸಿದರೆ ವೆಚ್ಚವೂ ಸಮನಾಗುವುದು, ಎಲ್ಲವೂ ಒಮ್ಮೆಗೇ ಮುಪ್ಪಾಗುವ ಭಯವೂ ತಪ್ಪುವುದು. ಹೊಸದನ್ನು ತಂದ ದಿನವೇ ಹಳೆಯದನ್ನು ಕಳುಹಿಸಬಾರದು. ಮಾಹಿತಿಯ ಪ್ರತಿ ಹೊಸತರಲ್ಲಿ ಸರಿಯಾಗಿ ತೆರೆಯುವುದೆಂದು ಪರೀಕ್ಷಿಸಿ, ಬಳಿಕ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರ ಕಡೆಗೆ ಸಾಗಿಸುವುದು ಯುಕ್ತ.

ಇದಕ್ಕೆಲ್ಲ ದೊಡ್ಡ ಪಾಂಡಿತ್ಯ ಬೇಕಿಲ್ಲ. ಪ್ರತಿಯೊಂದು ಯಂತ್ರಕ್ಕೂ ಒಂದು ಪುಟವನ್ನು ಮೀಸಲಿಟ್ಟು, ಕೊಂಡ ದಿನ, ರಿಪೇರಿಯ ವೆಚ್ಚ, ನಿಂತ ಗಂಟೆಗಳು, ರಕ್ಷಣೆ ಮುಗಿಯುವ ದಿನಾಂಕ ಇವನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ಆಯವ್ಯಯ ಮುಗಿಸುವಾಗ ಮೇಲಿನ ಹೋಲಿಕೆಯನ್ನು ಮಾಡಿದರೆ ಸಾಕು. ಹೊಸ ಯಂತ್ರವನ್ನು ಮಾರಬಂದವನ ಮಾತಿಗೂ, ಹಳೆಯದರ ಮೇಲಿನ ಮೋಹಕ್ಕೂ ಆ ಪುಟದಲ್ಲಿ ಉತ್ತರ ಸಿಗುತ್ತದೆ.