'ಮಹತ್ವ'ಕ್ಕೆ ಎಷ್ಟು ತಕಾರ?

ಉತ್ತರಪತ್ರಿಕೆಯಲ್ಲಿ 'ಉಚ್ಛಾರಣೆ' ಎಂದು ಬರೆದರೆ ಕೆಂಪು ಶಾಯಿಯ ಗೆರೆ ಖಂಡಿತ. ಉತ್ ಮತ್ತು ಚಾರಣ ಸೇರಿದಾಗ ಚಕಾರಕ್ಕೆ ಚಕಾರವೇ ಒತ್ತು. ಮಹಾಪ್ರಾಣಕ್ಕೆ ಅಲ್ಲಿ ಕೆಲಸವಿಲ್ಲ. ಸರಿ, 'ಮಹತ್ವ'? ಮಹತ್ ಎಂಬುದಕ್ಕೆ ತ್ವ ಸೇರಿದರೆ 'ಮಹತ್ತ್ವ' ಆಗಬೇಕು. ಹಾಗೆ ಬರೆಯುವವರು ಈಗ ವಿರಳ. ಒಂದು ತಪ್ಪು, ಇನ್ನೊಂದು ರೂಢಿ! ತೀರ್ಮಾನಿಸುವವರು ಯಾರು?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ತೀ.ನಂ.ಶ್ರೀಕಂಠಯ್ಯ (1906-1966) ವಿದ್ಯಾರ್ಥಿಗಳಿಗೆಂದೇ 'ಕನ್ನಡ ಮಧ್ಯಮ ವ್ಯಾಕರಣ' ಬರೆದರು. ಅವರ ಶಿಷ್ಯ ಜಿ.ವೆಂಕಟಸುಬ್ಬಯ್ಯ (1913-2021) ನಿಘಂಟುಕಾರರಾದರು; 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಸಂದೇಹಗಳನ್ನು ಬಿಡಿಸಿದರು. ಅವರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆಗೆ ಪದ ಬಳಕೆಯಾದ ಪ್ರಯೋಗಗಳೂ ಇವೆ. 13ನೆಯ ಶತಮಾನದ ಕೇಶಿರಾಜನದೂ ಇದೇ ದಾರಿ: 'ಶಬ್ದಮಣಿದರ್ಪಣ'ದ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗವೇ ಆಧಾರ.

ಹಾಗೆಂದು ತಪ್ಪನ್ನೆಲ್ಲ ರೂಢಿಯ ಲೆಕ್ಕಕ್ಕೆ ಹಾಕುವಂತಿಲ್ಲ. 'ಮಹತ್ವ' ಬಲ್ಲವರ ಬರಹದಲ್ಲೂ ನೆಲೆನಿಂತಿದೆ, 'ಉಚ್ಛಾರಣೆ' ನಿಂತಿಲ್ಲ. ಮಕ್ಕಳು ಕೇಳಿದಾಗ ತಂದೆತಾಯಿ ಮೊದಲು ನಿಘಂಟು ತೆರೆಯಲಿ. ಎರಡು ರೂಪಗಳು ಸಿಕ್ಕರೆ, ಪರೀಕ್ಷೆಯ ಮಟ್ಟಿಗೆ ಪಠ್ಯಪುಸ್ತಕದ್ದೇ ಕ್ಷೇಮ.